ಎಚ್‌ಆರ್ ಸರ್ಟಿಫಿಕೇಶನ್: ನಾನು ಆರಿಸಿದ, ಓದಿದ, ಉಳಿಸಿಕೊಂಡ ಬಗೆ

ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಕಂಪನಿಗಳ ಎಚ್‌ಆರ್ (ಸಿಬ್ಬಂದಿ ನಿರ್ವಹಣೆ) ಹುದ್ದೆಯ ಜಾಹೀರಾತಿನಲ್ಲಿ ‘ಎಸ್‌ಎಚ್‌ಆರ್‌ಎಂ ಅಥವಾ ಪಿಎಚ್‌ಆರ್ ಇದ್ದವರಿಗೆ ಆದ್ಯತೆ’ ಎಂಬ ಸಾಲು ಆಗಾಗ ಕಾಣುತ್ತದೆ. ಎರಡೂ ಅಮೆರಿಕದ ಸಂಸ್ಥೆಗಳು ಪರೀಕ್ಷೆ ನಡೆಸಿ ಕೊಡುವ ಎಚ್‌ಆರ್ ಸರ್ಟಿಫಿಕೇಟುಗಳು: ಮೊದಲನೆಯದು ಎಸ್‌ಎಚ್‌ಆರ್‌ಎಂ ಸಂಸ್ಥೆಯದು, ಎರಡನೆಯದು ಎಚ್‌ಆರ್‌ಸಿಐ ಸಂಸ್ಥೆಯದು. ಪೀಣ್ಯ, ಬೊಮ್ಮಸಂದ್ರ, ಬಿಡದಿಯ ಕಾರ್ಖಾನೆಗಳು ಕೇಳುವುದು ಬೇರೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆಗಿರಬೇಕು, ಕಾರ್ಮಿಕ ಕಾನೂನು ಗೊತ್ತಿರಬೇಕು, ಕನ್ನಡ ಮಾತಾಡಬೇಕು. ಇವೆರಡೂ ಒಂದೇ ವೃತ್ತಿಯಾದರೂ ಮುಂದಿನ ಮೆಟ್ಟಿಲು ಹತ್ತಲು ಬೇಕಾದ ಕಾಗದ ಒಂದೇ ಅಲ್ಲ. ಆದ್ದರಿಂದ ಯಾವ ಪರೀಕ್ಷೆ ದೊಡ್ಡದು ಎಂದು ನಾನು ನೋಡಲಿಲ್ಲ. ನನಗೆ ಬೇಕಿದ್ದ ಮುಂದಿನ ಹುದ್ದೆಯ ಹದಿನೈದು-ಇಪ್ಪತ್ತು ಜಾಹೀರಾತುಗಳನ್ನು ಒಂದೆಡೆ ಹಾಕಿ, ಅವು ಕೇಳುವ ಅರ್ಹತೆಗಳನ್ನು ಎಕ್ಸೆಲ್‌ನಲ್ಲಿ ಬರೆದೆ. ಅದರಲ್ಲಿ ಪದೇ ಪದೇ ಬಂದ ಹೆಸರನ್ನೇ ಆರಿಸಿಕೊಂಡೆ.

ಹೀಗೆ ನೋಡಿದರೆ ಗೊಂದಲ ಬೇಗ ಕರಗುತ್ತದೆ. ಅಮೆರಿಕದ ಮೂಲ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಬೆಳೆಯಬೇಕೆನ್ನುವವರಿಗೆ ಎಸ್‌ಎಚ್‌ಆರ್‌ಎಂ ಅಥವಾ ಎಚ್‌ಆರ್‌ಸಿಐ. ಲಂಡನ್ನಿಗೋ ದುಬೈ, ದೋಹಾಕ್ಕೋ ಹೋಗುವ ಯೋಚನೆಯಿರುವ ಮಂಗಳೂರು, ಉಡುಪಿ ಕಡೆಯವರಿಗೆ ಬ್ರಿಟನ್ನಿನ ಎಚ್‌ಆರ್ ಸಂಸ್ಥೆಯಾದ ಸಿಐಪಿಡಿಯ ಸರ್ಟಿಫಿಕೇಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದರಲ್ಲಿ 3, 5, 7 ಎಂಬ ಹಂತಗಳಿವೆ. ಒಂದೇ ದಿನದ ದೊಡ್ಡ ಪರೀಕ್ಷೆಯ ಬದಲು ಅಸೈನ್‌ಮೆಂಟ್ ಬರೆಯುವ ಓದು ಅದು, ಹಾಗಾಗಿ ಬರವಣಿಗೆ ಕಷ್ಟವೆನ್ನುವವರು ಅದಕ್ಕೆ ಕೈ ಹಾಕುವ ಮುಂಚೆ ಯೋಚಿಸಬೇಕು. ಕಾರ್ಖಾನೆಯಲ್ಲೇ ಮುಂದುವರಿಯುವವರು ವಿದೇಶಿ ಸರ್ಟಿಫಿಕೇಟಿಗೆ ಹಣ ಹಾಕುವ ಮೊದಲು ಎಂಎಸ್‌ಡಬ್ಲ್ಯೂ ಅಥವಾ ಕಾರ್ಮಿಕ ಕಾನೂನಿನ ಡಿಪ್ಲೊಮಾ ಮುಗಿಸುವುದು ಸರಿ. ಅಲ್ಲಿ ಕೆಲಸಗಾರರ ಕ್ಷೇಮ ನೋಡುವ ವೆಲ್‌ಫೇರ್ ಆಫೀಸರ್ ಹುದ್ದೆಯೇ ಕಾನೂನಿನಿಂದ ಹುಟ್ಟಿದ್ದು, ಅದರ ಅರ್ಹತೆಯನ್ನು ಹೇಳುವುದೂ ಸರ್ಕಾರದ ನಿಯಮವೇ. ಇನ್ನು ವರ್ಕ್‌ಡೇಯಂಥ ಎಚ್‌ಆರ್ ಸಾಫ್ಟ್‌ವೇರ್‌ನ ಅಧಿಕೃತ ಸರ್ಟಿಫಿಕೇಟನ್ನು ಹೊರಗಿನಿಂದ ನೇರವಾಗಿ ಕೊಳ್ಳಲಾಗದು. ಅದನ್ನು ಬಳಸುವ ಅಥವಾ ಜೋಡಿಸಿಕೊಡುವ ಕಂಪನಿಯಲ್ಲಿದ್ದವರಿಗೆ ಮಾತ್ರ ಆ ದಾರಿ ತೆರೆಯುತ್ತದೆ. ‘ವರ್ಕ್‌ಡೇ ಸರ್ಟಿಫಿಕೇಶನ್ ಗ್ಯಾರಂಟಿ’ ಎಂದು ಬೋರ್ಡು ಹಾಕಿದ ಕೋಚಿಂಗ್ ಸೆಂಟರ್ ಕೊಡುವುದು ತರಗತಿಗೆ ಬಂದ ಪ್ರಮಾಣಪತ್ರವನ್ನಷ್ಟೇ.

ಎಸ್‌ಎಚ್‌ಆರ್‌ಎಂ ಮತ್ತು ಎಚ್‌ಆರ್‌ಸಿಐ ನಡುವೆ ಆಯ್ಕೆ ಮಾಡುವಾಗ ಅರ್ಹತೆಯನ್ನು ಮೊದಲು ನೋಡಿ. ಎಚ್‌ಆರ್‌ಸಿಐನವರ ಪಿಎಚ್‌ಆರ್‌ಐಗೆ ಸ್ನಾತಕೋತ್ತರ ಪದವಿ ಇದ್ದರೆ 1 ವರ್ಷ, ಪದವಿ ಇದ್ದರೆ 2 ವರ್ಷ, ಎರಡೂ ಇಲ್ಲದಿದ್ದರೆ 4 ವರ್ಷ ಎಚ್‌ಆರ್ ಅನುಭವ ಬೇಕು. ಕೊನೆಯ ‘ಐ’ ಅಕ್ಷರವನ್ನು ಗಮನಿಸಿ: ಅದು ಅಮೆರಿಕದ ಹೊರಗೆ ಕೆಲಸ ಮಾಡುವವರಿಗಾಗಿ ಇರುವ ಪರೀಕ್ಷೆ. ಬರೀ ಪಿಎಚ್‌ಆರ್‌ನಲ್ಲಿ ಅಮೆರಿಕದ ಕಾರ್ಮಿಕ ಕಾನೂನು ತುಂಬಿದೆ, ಇಲ್ಲಿ ಕೂತು ಅದನ್ನು ಬಾಯಿಪಾಠ ಮಾಡಿ ಏನೂ ಪ್ರಯೋಜನವಿಲ್ಲ. ಅನುಭವವೇ ಇಲ್ಲದ ಹೊಸಬರಿಗೆ ಎಪಿಎಚ್‌ಆರ್‌ಐ ಇದೆ. ಎಸ್‌ಎಚ್‌ಆರ್‌ಎಂನವರ ಮೊದಲ ಹಂತದ ಪರೀಕ್ಷೆಯಾದ ಎಸ್‌ಎಚ್‌ಆರ್‌ಎಂ-ಸಿಪಿಗೆ ಇಂತಿಷ್ಟು ವರ್ಷ, ಇಂಥ ಪದವಿ ಎಂಬ ಕಟ್ಟಳೆಯಿಲ್ಲ. ಅದರ ಮೇಲಿನ ಎಸ್‌ಸಿಪಿಗೆ ಮಾತ್ರ ನೀತಿ-ನಿರ್ಧಾರದ ಮಟ್ಟದಲ್ಲಿ ಕನಿಷ್ಠ 3 ವರ್ಷದ ಕೆಲಸ ಕೇಳುತ್ತಾರೆ. ನಾನು ಸಿಪಿಯನ್ನು ಆರಿಸಿದ್ದಕ್ಕೆ ಕಾರಣ ಅದರ ಸಂದರ್ಭದ ಪ್ರಶ್ನೆಗಳು, ಅಂದರೆ ಕೆಲಸದ ಒಂದು ಸನ್ನಿವೇಶ ಕೊಟ್ಟು ನೀವೇನು ಮಾಡುತ್ತೀರಿ ಎಂದು ಕೇಳುವಂಥವು. ಮ್ಯಾನೇಜರ್ ಎದುರು ಕೂತಾಗ ನಿಜಕ್ಕೂ ಬೇಕಾಗುವ ಬುದ್ಧಿಯನ್ನು ಆ ಪ್ರಶ್ನೆಗಳು ಪರೀಕ್ಷಿಸುತ್ತವೆ.

ಪರೀಕ್ಷೆಯ ಅಂಗಾಂಗ ತಿಳಿಯದೆ ಓದಲು ಕೂರಬಾರದು. ಎಸ್‌ಎಚ್‌ಆರ್‌ಎಂ-ಸಿಪಿಯಲ್ಲಿ ಒಟ್ಟು 134 ಪ್ರಶ್ನೆ, 3 ಗಂಟೆ 40 ನಿಮಿಷ. 67ರಂತೆ ಎರಡು ಭಾಗ, ಒಂದೊಂದಕ್ಕೂ 1 ಗಂಟೆ 50 ನಿಮಿಷ. ಮೊದಲ ಭಾಗ ಮುಗಿಸಿದ ಮೇಲೆ ಅದಕ್ಕೆ ಹಿಂತಿರುಗಲು ಬರುವುದಿಲ್ಲ. 134ರಲ್ಲಿ 24 ಪ್ರಶ್ನೆ ಮುಂದಿನ ಪರೀಕ್ಷೆಗಾಗಿ ಪ್ರಯೋಗಕ್ಕೆ ಇಟ್ಟವು, ಅಂಕಕ್ಕೆ ಸೇರುವುದಿಲ್ಲ, ಆದರೆ ಯಾವುವು ಎಂದು ನಮಗೆ ಗೊತ್ತಾಗದು. ಹಾಗಾಗಿ ಒಂದು ಪ್ರಶ್ನೆ ವಿಚಿತ್ರವಾಗಿ ಕಂಡರೆ ಅಲ್ಲೇ ಕೊರಗದೆ ಮುಂದೆ ಹೋಗಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಅಂಕವನ್ನು 120ರಿಂದ 200ರ ಅಳತೆಯಲ್ಲಿ ಕೊಡುತ್ತಾರೆ, 200 ಎಂದರೆ ಪಾಸ್.

ಪಠ್ಯಕ್ರಮಕ್ಕೆ ಎಸ್‌ಎಚ್‌ಆರ್‌ಎಂನವರು ಬಾಸ್ಕ್ ಎನ್ನುತ್ತಾರೆ, ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ 9 ನಡವಳಿಕೆಯ ಸಾಮರ್ಥ್ಯಗಳು, 14 ಎಚ್‌ಆರ್ ವಿಷಯಗಳು. ಆ 14ರಲ್ಲಿ ಅಮೆರಿಕದ ಉದ್ಯೋಗ ಕಾನೂನೂ ಒಂದು, ಅದು ಅಲ್ಲಿ ಪರೀಕ್ಷೆ ಬರೆಯುವವರಿಗೆ ಮಾತ್ರ. ಸಾವಿರಾರು ಪುಟದ ಕಿಟ್ ಕೊಳ್ಳುವ ಮೊದಲು ಈ ಪಿಡಿಎಫ್ ಅನ್ನೇ ಮುದ್ರಿಸಿ, ಪ್ರತಿ ಸಾಲಿನ ಪಕ್ಕ ‘ಕೆಲಸದಲ್ಲಿ ಮಾಡಿದ್ದೇನೆ’, ‘ಕೇಳಿದ್ದೇನೆ’, ‘ಗೊತ್ತಿಲ್ಲ’ ಎಂದು ಗುರುತು ಹಾಕಿದೆ. ನೇಮಕಾತಿಯಲ್ಲೇ ವರ್ಷಗಟ್ಟಲೆ ಇದ್ದವರಿಗೆ ವೇತನ ರಚನೆ, ಸಂಸ್ಥೆಯ ಅಭಿವೃದ್ಧಿ, ರಿಸ್ಕ್ ನಿರ್ವಹಣೆಯ ಸಾಲುಗಳು ‘ಗೊತ್ತಿಲ್ಲ’ದಲ್ಲೇ ಉಳಿಯುತ್ತವೆ. ಪೇರೋಲ್‌ನಿಂದ ಬಂದವರಿಗೆ ತರಬೇತಿ ವಿನ್ಯಾಸ, ಸಿಬ್ಬಂದಿ ತೊಡಗುವಿಕೆ ಹೊಸತು. ನನ್ನ ಓದಿನ ಬಹುಪಾಲು ವೇಳೆಯನ್ನು ಮೂರನೆಯ ಗುರುತಿನ ಸಾಲುಗಳಿಗೇ ಕೊಟ್ಟೆ. ಕೆಲಸದ ಜೊತೆ ಓದುವವರಿಗೆ ವಾರಕ್ಕೆ ಎಂಟು ಗಂಟೆಯಂತೆ ನಾಲ್ಕು ತಿಂಗಳು ಬೇಕೇ ಬೇಕು. ತಿಂಗಳ ಕೊನೆಯ ವಾರ ಪೇರೋಲ್ ಮುಗಿಸುವವರು ಆ ವಾರವನ್ನು ಲೆಕ್ಕದಿಂದಲೇ ಬಿಟ್ಟುಬಿಡಿ.

ಜ್ಞಾನದ ಪ್ರಶ್ನೆಗಳು ಅಷ್ಟು ಕಾಡುವುದಿಲ್ಲ. ಟರ್ನೋವರ್ ದರ ಎಂದರೆ ಬಿಟ್ಟುಹೋದವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿಯಿಂದ ಭಾಗಿಸಿ ನೂರರಿಂದ ಗುಣಿಸುವುದು, ತರಬೇತಿಯ ಫಲವನ್ನು ಅಳೆಯುವ ಕರ್ಕ್‌ಪ್ಯಾಟ್ರಿಕ್‌ನ ನಾಲ್ಕು ಹಂತಗಳಲ್ಲಿ ಮೂರನೆಯದು ಕೆಲಸದಲ್ಲಿ ಕಾಣುವ ನಡವಳಿಕೆ ಬದಲಾವಣೆ, ಇಂಥವನ್ನೆಲ್ಲ ಚಿಕ್ಕ ಕಾರ್ಡುಗಳಲ್ಲಿ ಬರೆದುಕೊಂಡು ಮೆಟ್ರೊದಲ್ಲಿ ನೋಡಿದರೂ ಸಾಕು. ಜನ ಸೋಲುವುದು ಸಂದರ್ಭದ ಪ್ರಶ್ನೆಗಳಲ್ಲಿ. ಅವು 54, ಅಂದರೆ ಶೇ 40. ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದವರೂ ಅಲ್ಲಿ ಜಾರುತ್ತಾರೆ, ಯಾಕೆಂದರೆ ನಾಲ್ಕರಲ್ಲಿ ಎರಡು ಉತ್ತರ ಸರಿಯೆಂದೇ ಕಾಣುತ್ತವೆ, ಕೇಳುವುದು ‘ಅತ್ಯಂತ ಪರಿಣಾಮಕಾರಿ ಯಾವುದು’ ಎಂದು.

ಅಭ್ಯಾಸಕ್ಕೆ ನಾನೇ ಕಟ್ಟಿದ ಒಂದು ಪ್ರಶ್ನೆ ಇಲ್ಲಿದೆ. ಮಾರಾಟ ವಿಭಾಗದ ಮುಖ್ಯಸ್ಥರು ಒಬ್ಬ ಅಭ್ಯರ್ಥಿಗೆ ಆ ಹುದ್ದೆಯ ವೇತನ ಮಿತಿಗಿಂತ ಹೆಚ್ಚು ಕೊಟ್ಟು ಇವತ್ತೇ ಆಫರ್ ಕಳಿಸಿ ಎನ್ನುತ್ತಾರೆ. ಅದೇ ತಂಡದಲ್ಲಿ ಅದೇ ಕೆಲಸ ಮಾಡುವ ಇಬ್ಬರಿಗೆ ಇದಕ್ಕಿಂತ ಕಡಿಮೆ ಸಂಬಳವಿದೆ. ನೀವೇನು ಮಾಡುತ್ತೀರಿ? ಒಂದು, ವ್ಯಾಪಾರ ಮುಖ್ಯ, ಆಫರ್ ಕಳಿಸುವುದು. ಎರಡು, ಪಾಲಿಸಿ ತೋರಿಸಿ ಆಗುವುದಿಲ್ಲ ಎನ್ನುವುದು. ಮೂರು, ಹುದ್ದೆ ಖಾಲಿ ಇದ್ದು ಆಗುತ್ತಿರುವ ನಷ್ಟವನ್ನು ಮುಖ್ಯಸ್ಥರಿಂದ ಕೇಳಿ ತಿಳಿದು, ತಂಡದ ಸಂಬಳದ ಅಂಕಿ-ಅಂಶ ಮುಂದಿಟ್ಟು, ಜಾಯಿನಿಂಗ್ ಬೋನಸ್‌ನಂಥ ಬೇರೆ ದಾರಿಗಳನ್ನು ಅವರೊಂದಿಗೆ ಚರ್ಚಿಸುವುದು. ನಾಲ್ಕು, ಎಚ್‌ಆರ್ ಹೆಡ್‌ಗೆ ಮೇಲ್ ಹಾಕುವುದು. ಇಲ್ಲಿನ ಕಚೇರಿಗಳಲ್ಲಿ ಬೆಳೆದ ನಮ್ಮ ಕೈ ತಾನಾಗಿ ನಾಲ್ಕನೆಯದಕ್ಕೆ ಹೋಗುತ್ತದೆ, ದೊಡ್ಡವರನ್ನು ಕೇಳಿ ಮಾಡುವುದು ನಮಗೆ ಮರ್ಯಾದೆಯ ನಡೆ. ಆದರೆ ಈ ಪರೀಕ್ಷೆಯ ಕಣ್ಣಲ್ಲಿ ಅದು ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿದಂತೆ. ಮೊದಲನೆಯದು ವೇತನ ಸಮಾನತೆ ಕೆಡಿಸುತ್ತದೆ, ಎರಡನೆಯದು ಸಂಬಂಧ ಕೆಡಿಸುತ್ತದೆ, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ. ಮೂರನೆಯದು ಮಾಹಿತಿ ಕೂಡಿಸುತ್ತದೆ, ಸಂಬಂಧಪಟ್ಟವರನ್ನು ಒಳಗೆ ತರುತ್ತದೆ, ನಿರ್ಧಾರದ ಕಡೆಗೂ ಹೋಗುತ್ತದೆ.

ಪ್ರತಿ ಅಭ್ಯಾಸ ಪ್ರಶ್ನೆಯಲ್ಲೂ ಸರಿ ಉತ್ತರಕ್ಕೆ ಗುರುತು ಹಾಕಿ ಸುಮ್ಮನಾಗದೆ, ಉಳಿದ ಮೂರೂ ಯಾಕೆ ಕಡಿಮೆ ಎಂದು ಒಂದೊಂದು ಸಾಲು ಬರೆದೆ. ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಅಭ್ಯಾಸ ಇನ್ನೊಂದಿಲ್ಲ. ಬರೆಯುತ್ತಾ ಹೋದಂತೆ ಒಂದು ಕ್ರಮ ಕಾಣತೊಡಗುತ್ತದೆ: ಸುರಕ್ಷತೆಯ ಅಪಾಯ, ಕಿರುಕುಳದ ದೂರು ಇದ್ದರೆ ತಕ್ಷಣ ಹೆಜ್ಜೆ ಇಡಬೇಕು, ಉಳಿದೆಡೆ ಮೊದಲು ವಿಷಯ ತಿಳಿಯಬೇಕು. ‘ನಮ್ಮ ಕಂಪನಿಯಲ್ಲಿ ಹೀಗೇ ಮಾಡುತ್ತೇವೆ’ ಎಂಬ ಯೋಚನೆಯನ್ನು ಪರೀಕ್ಷೆಯ ಕೋಣೆಯ ಹೊರಗೇ ಬಿಡಬೇಕು.

ವೇಳೆಯ ಲೆಕ್ಕವೂ ಇದಕ್ಕೇ ಹೊಂದಬೇಕು. ಒಂದು ಭಾಗದಲ್ಲಿ ಸುಮಾರು 40 ಜ್ಞಾನದ ಪ್ರಶ್ನೆ, 27 ಸಂದರ್ಭದ ಪ್ರಶ್ನೆ. ಜ್ಞಾನದ್ದಕ್ಕೆ ತಲಾ ಒಂದು ನಿಮಿಷ ಕೊಟ್ಟರೆ ಉಳಿದ 70 ನಿಮಿಷದಲ್ಲಿ ಸಂದರ್ಭದ ಪ್ರತಿ ಪ್ರಶ್ನೆಗೆ ಎರಡೂವರೆ ನಿಮಿಷ ಸಿಗುತ್ತದೆ. ಎಲ್ಲಕ್ಕೂ ಸಮನಾಗಿ ಹಂಚಿದರೆ ಒಂದೂವರೆ ನಿಮಿಷ ಚಿಲ್ಲರೆ, ಉದ್ದ ಸಂದರ್ಭ ಓದುವಷ್ಟರಲ್ಲೇ ಅದು ಮುಗಿದುಹೋಗುತ್ತದೆ.

ಅರ್ಜಿಯಲ್ಲಿ ನಮ್ಮವರಿಗೆ ಎಡವಟ್ಟಾಗುವುದು ಹೆಸರಿನಲ್ಲಿ. ಅರ್ಜಿಯ ಹೆಸರು ಗುರುತಿನ ಚೀಟಿಯಲ್ಲಿರುವ ಹೆಸರಿನೊಂದಿಗೆ ಹೊಂದಲೇಬೇಕು, ಇಲ್ಲದಿದ್ದರೆ ಕೇಂದ್ರದ ಬಾಗಿಲಿಂದಲೇ ವಾಪಸು ಕಳಿಸುತ್ತಾರೆ, ಕಟ್ಟಿದ ಶುಲ್ಕವೂ ಹೋಗುತ್ತದೆ. ಕನ್ನಡಿಗರ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೋ ಮುಂದೋ ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿರುತ್ತದೆ. ಪಾಸ್‌ಪೋರ್ಟನ್ನೇ ಆಧಾರವಾಗಿಟ್ಟು, ಅದರ ಅಕ್ಷರಗಳನ್ನು ಹಾಗೇ ಅರ್ಜಿಗೆ ಇಳಿಸುವುದು ಒಳ್ಳೆಯದು. ಸರ್‌ನೇಮ್ ಜಾಗ ಖಾಲಿಯಿರುವ ಪಾಸ್‌ಪೋರ್ಟ್ ಇದ್ದರೆ ಹಣ ಕಟ್ಟುವ ಮುಂಚೆಯೇ ಎಸ್‌ಎಚ್‌ಆರ್‌ಎಂನ ಸಹಾಯ ವಿಭಾಗಕ್ಕೆ ಬರೆದು, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ.

ಪರೀಕ್ಷೆಗೆ ವರ್ಷಕ್ಕೆ ಎರಡೇ ಅವಧಿ: ಮೇ 1ರಿಂದ ಜುಲೈ 15, ಡಿಸೆಂಬರ್ 1ರಿಂದ ಫೆಬ್ರವರಿ 15. ಒಂದು ಅವಧಿಯಲ್ಲಿ ಒಂದೇ ಸಲ ಬರೆಯಬಹುದು, ಆಗದಿದ್ದರೆ ಮುಂದಿನ ಅವಧಿಗೇ ಕಾಯಬೇಕು. ನಮ್ಮಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಅಪ್ರೈಸಲ್, ಇನ್‌ಕ್ರಿಮೆಂಟ್ ಪತ್ರಗಳ ಗಲಾಟೆ ಇರುವುದರಿಂದ ಡಿಸೆಂಬರ್‌ನ ಅವಧಿ ಅನುಕೂಲ. ಅರ್ಜಿ ಬೇಗ ಹಾಕಿದರೆ ಶುಲ್ಕ ಕಡಿಮೆ. ಡಾಲರ್‌ನಲ್ಲಿ ಕಟ್ಟುವಾಗ ಕಾರ್ಡಿನ ವಿದೇಶಿ ವಹಿವಾಟು ಶುಲ್ಕ ಸೇರುತ್ತದೆ, ಅದನ್ನೂ ಬಜೆಟ್ಟಿನಲ್ಲಿ ಇಡಿ. ಮನೆಯಿಂದಲೇ ಬರೆಯುವ ಸೌಲಭ್ಯವಿದ್ದರೂ ಪರೀಕ್ಷೆ ನಡೆಸುವ ಬೆಂಗಳೂರಿನ ಪ್ರೊಮೆಟ್ರಿಕ್ ಕೇಂದ್ರಕ್ಕೆ ಹೋಗುವುದೇ ಮೇಲು. ಕರೆಂಟು ಹೋದರೆ, ನೆಟ್ ಕಡಿದರೆ, ಮನೆಯವರು ಯಾರಾದರೂ ಬಾಗಿಲು ತೆಗೆದರೆ ಪರೀಕ್ಷೆಯೇ ನಿಲ್ಲಬಹುದು.

ಪಾಸಾದ ಮೇಲೆ ಸರ್ಟಿಫಿಕೇಟ್ ಮೂರು ವರ್ಷ ಬಾಳುತ್ತದೆ. ಅಷ್ಟರಲ್ಲಿ 60 ಪಿಡಿಸಿ (ವೃತ್ತಿ ಬೆಳವಣಿಗೆಯ ಕ್ರೆಡಿಟ್) ಕೂಡಿಸಬೇಕು, ಒಂದು ಗಂಟೆಯ ಕಲಿಕೆಗೆ ಒಂದು. ಅವಧಿ ಮುಗಿಯುವುದು ನಿಮ್ಮ ಹುಟ್ಟಿದ ತಿಂಗಳ ಕೊನೆಯ ದಿನ, ಪಾಸಾದ ತಾರೀಖಿಗೆ ಅಲ್ಲ. ಎಚ್‌ಆರ್‌ಸಿಐನ ಪಿಎಚ್‌ಆರ್‌ಐಗೂ ಮೂರು ವರ್ಷಕ್ಕೆ 60 ಕ್ರೆಡಿಟ್, ಹಿರಿಯರ ಹಂತದ ಎಸ್‌ಪಿಎಚ್‌ಆರ್‌ನವರು ಅದರಲ್ಲಿ 15 ಬಿಸಿನೆಸ್ ಕ್ರೆಡಿಟ್ ತೋರಿಸಬೇಕು. ತಿಂಗಳಿಗೆ ಎರಡು ಗಂಟೆ ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ 72, ಕೈಯಲ್ಲಿ ಮಿಕ್ಕಷ್ಟು ಉಳಿಯುತ್ತದೆ. ವೆಬಿನಾರ್ ಮುಗಿದ ದಿನವೇ ತಾರೀಖು, ಸಂಸ್ಥೆ, ಗಂಟೆ, ಆ್ಯಕ್ಟಿವಿಟಿ ಐಡಿ ಬರೆದು, ಪಿಡಿಎಫ್ ಅನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳುತ್ತೇನೆ. ಕಂಪನಿಯ ಮೇಲ್‌ನಲ್ಲೇ ಇಟ್ಟವರು ಕೆಲಸ ಬದಲಿಸಿದ ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಈ ಯಾವ ಪರೀಕ್ಷೆಯೂ ಭಾರತದ ಕಾನೂನು ಕಲಿಸುವುದಿಲ್ಲ, ಬೆಂಗಳೂರಿನಲ್ಲಿ ಎಚ್‌ಆರ್ ಮ್ಯಾನೇಜರ್ ಆಗುವವರಿಗೆ ಅದು ದೊಡ್ಡ ಕೊರತೆ. 29 ಕಾನೂನುಗಳ ಜಾಗಕ್ಕೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಹಳೆಯ ಕಾಯ್ದೆಯ ಕಲಂ ಒಂದು ಕಡೆ, ಹೊಸ ಸಂಹಿತೆಯ ಕಲಂ ಇನ್ನೊಂದು ಕಡೆ, ನಮ್ಮ ಪಾಲಿಸಿಯಲ್ಲಿ ಬದಲಾಗಬೇಕಾದ್ದು ಮೂರನೆಯ ಕಡೆ ಬರೆಯುವ ಪಟ್ಟಿಯನ್ನು ಸರ್ಟಿಫಿಕೇಶನ್ ಓದಿನಷ್ಟೇ ಶ್ರದ್ಧೆಯಿಂದ ಮಾಡಿದೆ. ಉದಾಹರಣೆಗೆ, ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಶೇ 50 ದಾಟಿದರೆ, ದಾಟಿದಷ್ಟು ಮೊತ್ತ ವೇತನಕ್ಕೆ ಸೇರುತ್ತದೆ. ತಿಂಗಳಿಗೆ 60,000 ರೂಪಾಯಿಯಲ್ಲಿ ಬೇಸಿಕ್ 20,000, ಮಿಕ್ಕ 40,000 ಭತ್ಯೆ ಎಂದಿದ್ದರೆ, ಮಿತಿ ಮೀರಿದ 10,000 ಸೇರಿ ವೇತನ 30,000 ಆಗುತ್ತದೆ. ಗ್ರಾಚ್ಯುಟಿಯ 15/26 ಲೆಕ್ಕದಲ್ಲಿ (26 ದಿನದ ತಿಂಗಳೆಂದು ಹಿಡಿದು 15 ದಿನದ ವೇತನ) ಸೇವೆಯ ಪ್ರತಿ ವರ್ಷಕ್ಕೆ 11,538 ಇದ್ದದ್ದು 17,308 ಆಗುತ್ತದೆ. ಸಂದರ್ಶನದಲ್ಲಿ ಈ ಲೆಕ್ಕವನ್ನು ಬಿಳಿ ಹಾಳೆಯ ಮೇಲೆ ಮಾಡಿ ತೋರಿಸುವವರು ಸಿಗುವುದು ಕಷ್ಟ, ಹಾಗೆ ಸಿಕ್ಕವರನ್ನು ಕಂಪನಿಗಳು ಬಿಡುವುದಿಲ್ಲ. ಕಾರ್ಖಾನೆ, ಗಣಿ, ತೋಟಗಳಲ್ಲಿ 250 ಕೆಲಸಗಾರರಿದ್ದರೆ ವೆಲ್‌ಫೇರ್ ಆಫೀಸರ್ ಇರಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಈ ಸಂಖ್ಯೆ 500 ಇತ್ತು. ಎಂಎಸ್‌ಡಬ್ಲ್ಯೂ ಓದಿದವರು ಈ ಬದಲಾವಣೆಯ ಮೇಲೆ ಕಣ್ಣಿಡಬೇಕು.

ಶುಲ್ಕ ವಾಪಸು ಪಡೆಯುವ ವಿಚಾರ ಇನ್ನೊಂದು. ಹಲವು ಕಂಪನಿಗಳಲ್ಲಿ ಕಲಿಕೆಗೆಂದು ವರ್ಷಕ್ಕಿಷ್ಟು ಹಣ ಇಟ್ಟಿರುತ್ತಾರೆ, ಆದರೆ ಅನುಮತಿ ಪತ್ರ ಪರೀಕ್ಷೆಯ ಮುಂಚಿನ ತಾರೀಖಿನದಾಗಿರಬೇಕು. ಕಂಪನಿಗೆ ಕೊಡುವ ಅರ್ಜಿಯಲ್ಲಿ ಮೂರು ವಿಷಯ ಕೇಳಿ ಬರಹದಲ್ಲೇ ಪಡೆಯಿರಿ: ಫೇಲಾದರೆ ಹಣ ಕೊಡುತ್ತಾರೋ, ಪಾಸಾದ ಮೇಲೆ ಎಷ್ಟು ತಿಂಗಳು ಕಂಪನಿ ಬಿಡುವಂತಿಲ್ಲ, ಮೂರು ವರ್ಷದ ನಂತರ ನವೀಕರಣದ ಶುಲ್ಕ ಯಾರದ್ದು. ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ.