ಏಳು ಕೆಜಿಯ ಲೆಕ್ಕ: ದಾವಣಗೆರೆಯಿಂದ ಒಂದೇ ಚೀಲದ ಪ್ರಯಾಣ

ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ವಿಮಾನ ನಿಲ್ದಾಣ ಇಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಇಲ್ಲವೇ ಬೆಂಗಳೂರು ಮುಟ್ಟಬೇಕು. ಬೆಂಗಳೂರಾದರೆ ಮನೆಯಿಂದ ಆಟೊ, ಆಮೇಲೆ ರೈಲು ಅಥವಾ ಬಸ್ಸು, ಮೆಜೆಸ್ಟಿಕ್ಕಿನಲ್ಲಿ ಇಳಿದು ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು. ವಿಮಾನ ಹತ್ತುವ ಹೊತ್ತಿಗೆ ಚೀಲವನ್ನು ನಾಲ್ಕೈದು ಸಲ ಎತ್ತಿ ಇಳಿಸಿ ಆಗಿರುತ್ತದೆ. ನಾನು ಗಾಲಿಯ ಟ್ರಾಲಿ ಬಿಟ್ಟು ಬೆನ್ನಿಗೆ ಹಾಕುವ ಚೀಲ ಹಿಡಿದದ್ದು ಇದಕ್ಕೇ. ತೂಕದ ಲೆಕ್ಕ ನೋಡಿದರೂ ಅದೇ ಸರಿ.

ನಮ್ಮ ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್ಟಿಗೆ ಕೈಚೀಲದ ಮಿತಿ 7 ಕೆಜಿ. ಅಳತೆ ಸುಮಾರು 55×35×25 ಸೆಂ.ಮೀ. ಗುಣಿಸಿದರೆ 48 ಲೀಟರ್. ಟ್ರಾಲಿಯಾದರೆ ಗಾಲಿ, ಹಿಡಿಕೆ ಎಲ್ಲಾ ಈ ಅಳತೆಯೊಳಗೇ ಬರಬೇಕು. ಗಟ್ಟಿ ಕವಚದ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆಯಿಂದ ಮೂರು ಕೆಜಿ ತೂಗುತ್ತದೆ, ಅಲ್ಲಿಗೆ ಸಾಮಾನಿಗೆ ಉಳಿಯುವುದು ನಾಲ್ಕೇ ಕೆಜಿ. 38 ಲೀಟರಿನ ನನ್ನ ಬೆನ್ನುಚೀಲ 1.1 ಕೆಜಿ. ಅಂಗಡಿಯಲ್ಲಿ ಚೀಲ ಕೊಳ್ಳುವಾಗ ಎಷ್ಟು ಜೇಬು ಇವೆ ಎಂದು ಎಣಿಸುವುದಕ್ಕಿಂತ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ನೋಡುವುದು ಲೇಸು. ಅಂಗೈಯಲ್ಲಿ ಹಿಡಿಸುವ ಆ ತಕ್ಕಡಿ ಇಲ್ಲದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಚೀಲ ಹೊತ್ತು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆಯಿರಿ. ಕೌಂಟರಿನ ತಕ್ಕಡಿಯೂ ನಮ್ಮದೂ ಒಂದೇ ತೋರಿಸುವುದಿಲ್ಲ. ಮಿತಿಗಿಂತ 300 ಗ್ರಾಂ ಕಡಿಮೆಯೇ ತುಂಬುವುದು ಕ್ಷೇಮ.

ವಾರದ ಪ್ರಯಾಣಕ್ಕೆ ನಾನು ತುಂಬುವುದು ಇಷ್ಟು: ಎರಡು ಅಂಗಿ 440 ಗ್ರಾಂ, ತೆಳು ಪ್ಯಾಂಟು 320, ಒಳಉಡುಪು ಮೂರು ಜೊತೆ 300, ಪಂಚೆ 200, ತೆಳ್ಳನೆಯ ಹತ್ತಿ ಟವೆಲ್ಲು 160, ಚಪ್ಪಲಿ 350, ಸ್ವೆಟರ್ 350, ಸ್ನಾನದ ಸಾಮಾನು 350, ಪವರ್ ಬ್ಯಾಂಕ್ ಚಾರ್ಜರ್ ಸೇರಿ 350, ಔಷಧಿ ಕಾಗದಪತ್ರ 200, ಮಡಚಿದ ಬಟ್ಟೆಚೀಲ 60. ಚೀಲವೂ ಸೇರಿ 4.2 ಕೆಜಿ ಹತ್ತಿರ. ಚಾರ್ಜರ್ ಸಮೇತ ಲ್ಯಾಪ್‌ಟಾಪು 1.8 ಆದರೆ 6 ಕೆಜಿ ಆಯಿತು. ಮೂರನೇ ಅಂಗಿ, ಜೀನ್ಸು, ಶೂ ಮೈಮೇಲೆ. ಜೀನ್ಸು ಒಂದೇ 600 ಗ್ರಾಂ ದಾಟುವುದರಿಂದ ಅದನ್ನು ಚೀಲಕ್ಕೆ ಹಾಕುವ ಮಾತೇ ಇಲ್ಲ. ಟರ್ಕಿ ಟವೆಲ್ಲು ಅರ್ಧ ಕೆಜಿ; ಸ್ಟೀಲ್ ಬಾಟಲಿ ಕಾಲು ಕೆಜಿಗೆ ಕಡಿಮೆ ಇಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿ ಒಯ್ದು ತಪಾಸಣೆ ದಾಟಿದ ಮೇಲೆ ನೀರು ತುಂಬಿಸಿಕೊಳ್ಳುತ್ತೇನೆ.

ಮದುವೆಗೆಂದು ಹೊರಟರೆ ರೇಷ್ಮೆ ಸೀರೆ ತೂಕ ತಿನ್ನುತ್ತದೆ: ಜರಿ ಹೆಚ್ಚಿದ್ದರೆ ಮುಕ್ಕಾಲು ಕೆಜಿ ಮೇಲೆ. ಅದನ್ನು ಸುರುಳಿ ಸುತ್ತಬಾರದು. ಜರಿ ಒಳಮುಖವಾಗಿ ಬರುವಂತೆ ಮಡಚಿ, ನಡುವೆ ತೆಳು ಹತ್ತಿ ಬಟ್ಟೆ ಇಟ್ಟು, ಎಲ್ಲಕ್ಕಿಂತ ಮೇಲೆ ಇರಿಸಬೇಕು. ಒತ್ತಡಕ್ಕೆ ಜರಿ ಮಡಿಕೆಯಲ್ಲಿ ಮುರಿಯುತ್ತದೆ. ಟೀ ಶರ್ಟು, ಒಳಉಡುಪು ಮಾತ್ರ ಸುತ್ತಿಡಲಿಕ್ಕೆ ಲಾಯಕ್ಕು. ವಿಂಗಡಿಸಲು ಬೇರೆ ಪೆಟ್ಟಿಗೆ ಕೊಳ್ಳುವ ಅಗತ್ಯವಿಲ್ಲ, ಬೆಡ್‌ಶೀಟ್ ಬರುವ ಜಿಪ್ ಕವರು ಸಾಕು. ಗಾಳಿ ತೆಗೆದು ಅಮುಕುವ ಕವರು ಜಾಗ ಉಳಿಸುತ್ತದೆಯೇ ಹೊರತು ಒಂದು ಗ್ರಾಮೂ ಇಳಿಸುವುದಿಲ್ಲ. ಅದನ್ನು ಕೊಂಡವರು ಉಳಿದ ಜಾಗಕ್ಕೆ ಇನ್ನಷ್ಟು ತುರುಕುವುದೇ ಹೆಚ್ಚು.

ಮೂರು ಅಂಗಿಯಲ್ಲಿ ವಾರ ಕಳೆಯುವುದು ಒಗೆಯುವುದರ ಮೇಲೆ ನಿಂತಿದೆ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ದಪ್ಪ ಹತ್ತಿ ಅಂಗಿಯೂ ಎರಡು ಗಂಟೆಯಲ್ಲಿ ಗರಿಗರಿ ಆಗುತ್ತದೆ. ಅದನ್ನು ನಂಬಿ ಜುಲೈನಲ್ಲಿ ಮಂಗಳೂರಿಗೋ ಮುಂಬೈಗೋ ಹೋದರೆ ಎರಡನೇ ದಿನವೂ ಕಾಲರು ಹಸಿಯೇ. ಗಾಳಿಯಲ್ಲಿ ತೇವ ಹೆಚ್ಚಿದ್ದಲ್ಲಿಗೆ ಪಾಲಿಯೆಸ್ಟರ್ ಬೆರೆತ ತೆಳು ಬಟ್ಟೆಯೇ ಆಗಬೇಕು. ರಾತ್ರಿ ಒಗೆದು ಹಿಂಡಿದ ಅಂಗಿಯನ್ನು ಒಣ ಟವೆಲ್ಲಿನ ಮೇಲೆ ಹರಡಿ, ಎರಡನ್ನೂ ಕೂಡಿಸಿ ಸುತ್ತಿ, ಮೇಲೆ ಕಾಲಿಟ್ಟು ತುಳಿಯುತ್ತೇನೆ. ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ. ಆಮೇಲೆ ಮೂರು ಮೀಟರ್ ನೈಲಾನ್ ಹಗ್ಗ, ಆರು ಪಿನ್ನು, ಫ್ಯಾನಿನ ಕೆಳಗೆ. ಕಾಲರು, ಕಫ್ಫು, ಹೊಲಿಗೆ ಪಟ್ಟಿಗಳೇ ಕೊನೆಗೆ ಒಣಗುವುದು. ಬೆಳಿಗ್ಗೆ ಮುಟ್ಟಿ ನೋಡಬೇಕಾದ್ದು ಅವನ್ನೇ.

ಸ್ನಾನದ ಸಾಮಾನಿನಲ್ಲಿ ನಮ್ಮ ಅಂಗಡಿಗಳ ಶಾಂಪೂ ಪೌಚಿಗೆ ಸಾಟಿ ಇಲ್ಲ: ದಿನಕ್ಕೊಂದು, ಬಾಟಲಿಯ ಹಂಗಿಲ್ಲ. ಸೋಪು ಗಟ್ಟಿಯಾದ್ದರಿಂದ ದ್ರವದ ಲೆಕ್ಕಕ್ಕೆ ಬಾರದು. ಹೊರದೇಶದ ವಿಮಾನಕ್ಕೆ ಒಂದೊಂದು ಡಬ್ಬಿಯೂ 100 ಮಿ.ಲೀ. ಮೀರಬಾರದು, ಎಲ್ಲಾ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಕೊಬ್ಬರಿ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟಿದಾಗ ಮುಚ್ಚಳ ಬಿಗಿಯಾಗಿದೆ ಎನಿಸುತ್ತದೆ, ಸುಮಾರು 24 ಡಿಗ್ರಿ ದಾಟಿ ಕರಗಿದ ಮೇಲೆ ಸೋರುತ್ತದೆ. ಮೇಲಕ್ಕೆ ಹೋದಂತೆ ಕ್ಯಾಬಿನ್ನಿನ ಒತ್ತಡ ಇಳಿದು ಬಾಟಲಿಯೊಳಗಿನ ಗಾಳಿ ಹಿಗ್ಗುತ್ತದೆ, ಎಣ್ಣೆಯನ್ನು ಹೊರದಬ್ಬುತ್ತದೆ. ಬಾಟಲಿಯನ್ನು ಸ್ವಲ್ಪ ಒತ್ತಿ ಗಾಳಿ ಹೊರಹಾಕಿ, ಬಾಯಿಗೆ ಪ್ಲಾಸ್ಟಿಕ್ ತುಂಡು ಇಟ್ಟು ಮುಚ್ಚಳ ತಿರುಗಿಸಿದರೆ ಸೋರುವುದಿಲ್ಲ.

ಪವರ್ ಬ್ಯಾಂಕ್ ಚೆಕ್‌ಇನ್ ಲಗೇಜಿನಲ್ಲಿ ನಿಷಿದ್ಧ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ತನಕ ಅನುಮತಿ ಬೇಡ. 20,000 ಎಂಎಎಚ್ ಎಂದರೆ 3.7 ವೋಲ್ಟಿಗೆ 74 ವ್ಯಾಟ್-ಅವರ್. ಅಕ್ಷರ ಅಳಿಸಿಹೋದ ಹಳೆಯದನ್ನು ತಪಾಸಣೆಯಲ್ಲಿ ಹಿಡಿದಿಡಬಹುದು. ಶಿವಮೊಗ್ಗದಂಥ ಕಡೆ ಬರುವ ಎಟಿಆರ್ ಎಂಬ ಚಿಕ್ಕ ವಿಮಾನದಲ್ಲಿ ತಲೆಮೇಲಿನ ಗೂಡು ಚಿಕ್ಕದು, ದಪ್ಪ ಚೀಲವನ್ನು ಮೆಟ್ಟಿಲ ಬಳಿಯೇ ಇಸಿದುಕೊಂಡು ಕೆಳಗೆ ಹಾಕುವುದುಂಟು. ಆಗ ಪವರ್ ಬ್ಯಾಂಕ್, ಔಷಧಿ, ಒಡವೆ ತಟ್ಟನೆ ಕೈಗೆ ಸಿಗಬೇಕು. ಇವು ಮೂರೂ ನನ್ನಲ್ಲಿ ಹೊರಜೇಬಿನ ಒಂದೇ ಸಣ್ಣ ಸಂಚಿಯಲ್ಲಿ ಇರುತ್ತವೆ.

ಮನೆಯವರು ಕಟ್ಟಿಕೊಡುವ ತಿಂಡಿಯೇ ದೊಡ್ಡ ಗೋಳು. ಮಂಡಕ್ಕಿ ಹಗುರ, ಆದರೆ ಕಾಲು ಕೆಜಿಯೇ ಎರಡು ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಕಟಕ್ ರೊಟ್ಟಿಯನ್ನು ಲ್ಯಾಪ್‌ಟಾಪಿನ ಪಕ್ಕ, ಚಪ್ಪಟೆ ಡಬ್ಬಿಯಲ್ಲಿ ಇಟ್ಟರಷ್ಟೇ ಇಡಿಯಾಗಿ ಉಳಿದೀತು. ಬೆಣ್ಣೆ, ತುಪ್ಪ ದ್ರವದ ಲೆಕ್ಕಕ್ಕೆ ಸೇರುತ್ತವೆ. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಒಣಕೊಬ್ಬರಿಯನ್ನು, ಎಣ್ಣೆ ಹಿಡಿದಿರುವ, ಬೆಂಕಿ ಹತ್ತುವ ವಸ್ತು ಎಂದು ತಡೆಯುತ್ತಾರೆ. ಶೇಂಗಾ ಚಟ್ನಿಪುಡಿ ತಪಾಸಣೆಯವರ ಮರ್ಜಿ. ಚನ್ನಗಿರಿ ಕಡೆಯ ಹಿರಿಯರು ಜೊತೆಗಿದ್ದರೆ ಹೊರಡುವ ಮುನ್ನ ಎಲೆಅಡಿಕೆ ಸಂಚಿ ಬಿಚ್ಚಿಸಿ ನೋಡಿ, ಅಡಕತ್ತರಿ ಅಲ್ಲೇ ಇರುತ್ತದೆ. ಅಡಿಕೆಯನ್ನು ಮನೆಯಲ್ಲೇ ಕತ್ತರಿಸಿ ಡಬ್ಬಿಗೆ ತುಂಬಿಕೊಟ್ಟರೆ ತಕರಾರಿಲ್ಲ.

ಹೋಗುವಾಗ 6 ಕೆಜಿ ಇದ್ದದ್ದು ಬರುವಾಗ 7 ಮೀರುವುದು ಪ್ರಸಾದ, ಸೀರೆ, ಪುಸ್ತಕಗಳಿಂದ. ಮಡಚಿದ ಬಟ್ಟೆಚೀಲವನ್ನು ನಂಬಬೇಡಿ: ಅದು ಎರಡನೇ ಕೈಚೀಲ ಆಗುತ್ತದೆ, ಬಸ್ಸು ರೈಲಿಗೆ ಮಾತ್ರ ಸರಿ. ಎರಡು ಕೆಜಿ ಪುಸ್ತಕವನ್ನು ಅಲ್ಲಿಂದಲೇ ಅಂಚೆ ಪಾರ್ಸೆಲ್ಲಿಗೆ ಹಾಕುತ್ತೇನೆ. ಬೆಂಗಳೂರಿನಲ್ಲಿ ಕೊಂಡದ್ದಾದರೆ ಸಾರಿಗೆ ಬಸ್ಸಿನ ಕಾರ್ಗೋದಲ್ಲಿ ಕಳಿಸಿ, ಊರಿನ ಬಸ್ ನಿಲ್ದಾಣದಲ್ಲಿ ರಸೀದಿ ತೋರಿಸಿ ಬಿಡಿಸಿಕೊಳ್ಳುತ್ತೇನೆ.