ಅಣ್ಣಾವ್ರ ಹೆಸರಲ್ಲಿ ಬಿಟ್ಟಿ ಬರವಣಿಗೆ

ರಾಜ್‌ಕುಮಾರ್ ಅಭಿಮಾನಿಗಳ ಸಂಘಕ್ಕೆ ಬರೆಯುವವನಿಗೆ ಏಪ್ರಿಲ್ ಬಂತೆಂದರೆ ತಲೆ ಎರಡು ಹೋಳು. 12ನೇ ತಾರೀಖು ಪುಣ್ಯಸ್ಮರಣೆ, 24ಕ್ಕೆ ಹುಟ್ಟುಹಬ್ಬ. ನಡುವೆ ಹನ್ನೆರಡೇ ದಿನ. ಮೊದಲ ಕರಪತ್ರ ಓದಿದವರು ಕಣ್ಣೊರೆಸಿಕೊಳ್ಳಬೇಕು, ಎರಡನೆಯದು ಓದಿದವರು ಶಿಳ್ಳೆ ಹೊಡೆಯಬೇಕು. ಎರಡನ್ನೂ ಬರೆಯುವವನು ನಾನೇ.

ಈ ಕೆಲಸ ನನ್ನ ಕೊರಳಿಗೆ ಬಿದ್ದಿದ್ದು 2007ರಲ್ಲಿ. ಅಣ್ಣಾವ್ರು ಹೋಗಿ ಆಗ ವರ್ಷ ತುಂಬುತ್ತಿತ್ತು. ತಿಪಟೂರಿನಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ. ಮದುವೆ ಕರೆಯೋಲೆ, ತಿಥಿ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು, ಇಷ್ಟೇ ವ್ಯಾಪಾರ. ಬಡಾವಣೆಯ ಹುಡುಗರು ಸಂಘ ಕಟ್ಟಿಕೊಂಡಿದ್ದರು. ಒಂದು ಸಂಜೆ ಬಂದು, "ಹೆಂಗೂ ಟೈಪ್ ಮಾಡ್ತೀಯಲ್ಲ, ಹಂಗೇ ನಾಲ್ಕು ಸಾಲು ಬರೆದೂ ಕೊಟ್ಬಿಡು" ಅಂದರು. ಆ ನಾಲ್ಕು ಸಾಲು ಬೆಳೆದು ಸ್ಮರಣ ಸಂಚಿಕೆಯಾಯಿತು, ಆರ್ಕೆಸ್ಟ್ರಾ ನಿರೂಪಣೆಯಾಯಿತು, ಕೊನೆಗೆ ಅಧ್ಯಕ್ಷರ ಭಾಷಣವೂ ಆಯಿತು. ಸಂಬಳ ಅಂದರೆ ವರ್ಷಕ್ಕೊಂದು ಶಾಲು, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಮುಕ್ಕಾಲು ಪಾಲು ಹುಲ್ಲು.

ಮೊದಲ ಸಂಚಿಕೆಯಲ್ಲೇ ಎಡವಿದೆ. ಅಣ್ಣಾವ್ರು ಮೊದಲು ಹಾಡಿದ್ದು 1974ರಲ್ಲಿ, 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆ ಹಾಡು ಅಂತ ಬರೆದುಬಿಟ್ಟೆ. ಎಲ್ಲರೂ ಹಾಗೇ ಹೇಳುತ್ತಿದ್ದರು, ನಾನೂ ನಂಬಿದ್ದೆ. ಮೂರನೇ ದಿನ ಹಿರಿಯರೊಬ್ಬರು ಅಂಗಡಿಗೆ ಬಂದರು. ಒಂದು ಕಾಲದಲ್ಲಿ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿದವರು. ಕಂಕುಳಲ್ಲಿ ನಮ್ಮ ಸಂಚಿಕೆ, ಆ ಸಾಲಿನ ಕೆಳಗೆ ಕೆಂಪು ಗೆರೆ. "'ಓಹಿಲೇಶ್ವರ' ನೋಡಿದ್ದೀಯೇನಪ್ಪ? 1956. ಅದರಲ್ಲೇ ಹಾಡಿದ್ದಾರೆ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಇನ್ನೊಂದು. ಗುಬ್ಬಿ ಕಂಪನಿಯಲ್ಲಿ ಪಳಗಿದ ಮನುಷ್ಯ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ರು ಅಂತೀಯಲ್ಲ!" ಎಂದರು. ಕರೆಯೋಲೆ ಮಾಡಿಸಲು ಬಂದಿದ್ದ ಬೀಗರಿಬ್ಬರು ನನ್ನ ಮುಖವನ್ನೇ ನೋಡುತ್ತಿದ್ದರು.

ಅವತ್ತಿನಿಂದ ಅವರು ನೋಡದೆ ಒಂದು ಪುಟವೂ ಪ್ರೆಸ್ಸಿಗೆ ಹೋಗಿಲ್ಲ. 'ಬೇಡರ ಕಣ್ಣಪ್ಪ' ಮೊದಲ ಚಿತ್ರ ಅಂತ ಬರೆದರೆ, "ನಾಯಕನಾಗಿ" ಅಂತ ಸೇರಿಸುತ್ತಾರೆ. ಅದಕ್ಕೂ ಮುಂಚೆ ಸಣ್ಣಪುಟ್ಟ ಪಾತ್ರ ಮಾಡಿದ್ದರಲ್ಲ. ಫಾಲ್ಕೆ ಪ್ರಶಸ್ತಿಗೆ ಬರೀ 1995 ಅಂದರೆ ಸಾಲದು, '1995ನೇ ಸಾಲಿನ' ಅನ್ನಬೇಕು. ಬೇರೆ ಯಾವ ಗಿರಾಕಿಯೂ ನನ್ನ ಬರವಣಿಗೆಯನ್ನು ಇಷ್ಟು ಕಣ್ಣಿಟ್ಟು ಓದಿದ್ದಿಲ್ಲ.

ನಿಜ ಹೇಳಬೇಕೆಂದರೆ ಪೂರ್ತಿ ಓದುವವರು ಅವರೊಬ್ಬರೇ. ಮಿಕ್ಕವರು ನೋಡುವುದು ತಮ್ಮ ಹೆಸರನ್ನು. ಸಂಚಿಕೆ ಕೈಗೆ ಬಂದ ತಕ್ಷಣ ನೇರ ಪದಾಧಿಕಾರಿಗಳ ಪುಟ. ಒಂದು ವರ್ಷ ಉಪಾಧ್ಯಕ್ಷರ ಇನಿಷಿಯಲ್ ತಪ್ಪಿತು. ಯುಗಾದಿಗೂ ಮಾತಾಡಲಿಲ್ಲ, ದಸರೆಗೂ ಮಾತಾಡಲಿಲ್ಲ. ಈಗ ಹೆಸರಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ತೆಗೆದು ಸಭೆಗೆ ಒಯ್ಯುತ್ತೇನೆ. ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಸಹಿ ಹಾಕಬೇಕು. ಆಮೇಲೆ ತಪ್ಪು ಸಿಕ್ಕರೆ ಸಹಿ ತೋರಿಸುತ್ತೇನೆ. ಈ ಒಂದು ಉಪಾಯದಿಂದ ನನ್ನ ರಕ್ತದೊತ್ತಡ ಎಷ್ಟೋ ಇಳಿದಿದೆ.

ಬಿರುದುಗಳ ಜಗಳ ಮಾತ್ರ ಗೆಲ್ಲಲಾಗಿಲ್ಲ. ವರನಟ, ನಟಸಾರ್ವಭೌಮ, ರಸಿಕರ ರಾಜ, ಗಾನಗಂಧರ್ವ, ಪದ್ಮಭೂಷಣ... ಹೆಸರು ಬರುವಷ್ಟರಲ್ಲಿ ನಿರೂಪಕಿಗೆ ಉಸಿರು ಕಟ್ಟುತ್ತದೆ. "ಬಂದವರನ್ನೇ ಅಭಿಮಾನಿ ದೇವರುಗಳು ಅಂದವರು ಅವರು. ಎರಡು ಬಿರುದು ಬಿಟ್ಟರೆ ಬೇಜಾರು ಮಾಡ್ಕೋತಾರಾ?" ಅಂತ ಕೇಳಿದೆ. ಸಭೆಯಲ್ಲಿ ಯಾರೂ ನಗಲಿಲ್ಲ. ಬಿಟ್ಟ ಎರಡನ್ನೂ ವಾಪಸ್ ಹಾಕಿದೆ.

ಇನ್ನು ಫ್ಲೆಕ್ಸ್. ಒಮ್ಮೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಕೊಟ್ಟು ಕಳಿಸಿದೆ. ಅಲ್ಲಿನ ಕಂಪ್ಯೂಟರಿನಲ್ಲಿದ್ದ ಫಾಂಟಿಗೂ ನನ್ನದಕ್ಕೂ ಹೊಂದಲಿಲ್ಲ. ಅರ್ಕಾವೊತ್ತುಗಳೆಲ್ಲ ಹಾರಿಹೋದವು. ಬಿ.ಎಚ್. ರಸ್ತೆಯಲ್ಲಿ ಹನ್ನೆರಡು ಅಡಿ ಎತ್ತರಕ್ಕೆ 'ಕನಾಟಕ ರತ್ನ' ಅಂತ ಎರಡು ದಿನ ನಿಂತಿತ್ತು. ಅಣ್ಣಾವ್ರು ಪಕ್ಕದಲ್ಲಿ ಕೈಮುಗಿದುಕೊಂಡು ನಗುತ್ತಿದ್ದರು. ಈಗ ಪಿಡಿಎಫ್ ಬಿಟ್ಟು ಬೇರೆ ಏನನ್ನೂ ಕೊಡುವುದಿಲ್ಲ.

ಇವೆಲ್ಲ ನಗುವಂಥವು. ನಗು ಬಾರದ್ದು ಒಂದಿತ್ತು. ಅಣ್ಣಾವ್ರ ರಂಗಭೂಮಿ ದಿನಗಳ ಬಗ್ಗೆ ಹದಿನೈದು ದಿನ ಕೂತು, ಆ ಹಿರಿಯರ ಮನೆಗೆ ಅಲೆದು, ಒಂದು ಲೇಖನ ಬರೆದಿದ್ದೆ. ಅಚ್ಚಾಗಿ ಬಂದಾಗ ಅದರ ಮೇಲೆ ಜಾಹೀರಾತು ತಂದುಕೊಟ್ಟ ಸದಸ್ಯರೊಬ್ಬರ ಹೆಸರು, ಫೋಟೊ ಸಮೇತ. ಪುಟ ಕಟ್ಟಿದ್ದು ನಾನೇ. ಕೊನೇ ರಾತ್ರಿ ಪ್ರೆಸ್ಸಿನಲ್ಲಿ ಬದಲಾಯಿಸಿದ್ದರು. "ಬಿಟ್ಟಿ ಬರೆಯೋದು ತಾನೆ, ಹೆಸರಲ್ಲೇನಿದೆ" ಅಂದರು. ಇನಿಷಿಯಲ್ ತಪ್ಪಿದ್ದಕ್ಕೆ ವರ್ಷಗಟ್ಟಲೆ ಮುನಿಸಿಕೊಂಡವರೂ ಅಲ್ಲೇ ಕೂತು ತಲೆಯಾಡಿಸಿದರು. ನಾನು ಎದ್ದು ಬಂದೆ. ಆ ವರ್ಷ ಒಂದಕ್ಷರ ಬರೆಯಲಿಲ್ಲ.

ಬಿಡುವ ಮುಂಚೆ ಬರೆದಿದ್ದು ಒಂದು ಕಣ್ಣುದಾನದ ಕರಪತ್ರ. 2006ರಲ್ಲಿ ಅಣ್ಣಾವ್ರ ಕಣ್ಣುಗಳು ದಾನವಾದ ಮೇಲೆ ನಮ್ಮ ಸಂಘವೂ ವರ್ಷಕ್ಕೊಮ್ಮೆ ನೋಂದಣಿ ಮಾಡಿಸುತ್ತಿತ್ತು. ನಾನು ಮೊದಲು ಬರೆದಿದ್ದು ಕತ್ತಲು, ಬೆಳಕು, ಜ್ಯೋತಿ ಅಂತೆಲ್ಲ ಒಂದು ಪದ್ಯ. ಹಿರಿಯರು ಅಡ್ಡಗೆರೆ ಎಳೆದರು. "ಸಾವಿನ ಮನೇಲಿ ಯಾರಯ್ಯ ಪದ್ಯ ಓದ್ತಾರೆ? ಏನು ಮಾಡಬೇಕು ಅದನ್ನ ಹೇಳು."

ಹಾಗಾಗಿ ಸುಮ್ನೆ ಕೆಲಸದ ಮಾತಷ್ಟೇ ಬರೆದೆ. ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಬೇಗ ಫೋನ್ ಮಾಡಿ. ಫ್ಯಾನ್ ಆರಿಸಿ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ. ತಲೆಯ ಕೆಳಗೆ ದಿಂಬು ಕೊಡಿ. ಕನ್ನಡಕ ಹಾಕುತ್ತಿದ್ದವರೂ, ಪೊರೆ ಆಪರೇಷನ್ ಆದವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ. ಕೆಳಗೆ ಐ ಬ್ಯಾಂಕಿನ ನಂಬರು. ಬರೆದವನ ಹೆಸರು ಇರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಸಂಘ ಬಿಟ್ಟು ಎಂಟು ತಿಂಗಳಾಗಿತ್ತು. ರಾತ್ರಿ ಒಂದೂವರೆಗೆ ಫೋನ್ ಬಂತು. ಹೆಣ್ಣುಮಗಳ ದನಿ. "ಚೀಟೀಲಿ ಫ್ಯಾನ್ ಆರಿಸಿ ಅಂತಿದೆ, ಆರಿಸಿದೀವಿ. ಹತ್ತೀನೂ ಇಟ್ಟಿದೀವಿ. ಮುಂದೆ ಏನ್ ಮಾಡ್ಬೇಕು?" ಯಾವ ಚೀಟಿ ಅಂತ ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು. ಹತ್ತಿರದ ಹಳ್ಳಿ. ತೀರಿಕೊಂಡಿದ್ದು ಅವರ ತಂದೆ. ಶಿಬಿರದಲ್ಲಿ ಕೊಟ್ಟ ಕರಪತ್ರವನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದರಂತೆ. ನಾನೇ ಐ ಬ್ಯಾಂಕಿಗೆ ಫೋನ್ ಮಾಡಿ ದಾರಿ ಹೇಳಿದೆ. ಬೆಳಕು ಹರಿಯುವ ಮುಂಚೆ ಅವರು ಬಂದು ಹೋದರು.

ಬೆಳಿಗ್ಗೆ ಅಂಗಡಿ ತೆಗೆದು ಹಳೇ ಫೈಲಿನಿಂದ ಕರಪತ್ರ ಹುಡುಕಿದೆ. ಆ ಹೆಣ್ಣುಮಗಳು ನನಗೇ ಯಾಕೆ ಫೋನ್ ಮಾಡಿದರು ಅನ್ನುವುದು ಆಗ ತಿಳಿಯಿತು. ಅಡಿಯಲ್ಲಿ ನನ್ನ ಅಂಗಡಿಯ ಹೆಸರು, ನಂಬರು. ಐ ಬ್ಯಾಂಕಿನ ನಂಬರಿಗಿಂತ ದಪ್ಪ ಅಕ್ಷರದಲ್ಲಿ. ಇಡೀ ಕರಪತ್ರ ಓದಿದ ಹಿರಿಯರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಆ ಏಪ್ರಿಲ್‌ಗೆ ಸಂಘಕ್ಕೆ ವಾಪಸ್ ಹೋದೆ. ಲೇಖನದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 2021ರಲ್ಲಿ ಪುನೀತ್ ಅವರ ಕಣ್ಣು ದಾನವಾದ ಮೇಲಂತೂ ಆ ಕರಪತ್ರವನ್ನು ಜನ ಅಂಗಡಿಗೇ ಬಂದು ಕೇಳಿ ಒಯ್ದರು. ಅಷ್ಟರಲ್ಲಿ ಐ ಬ್ಯಾಂಕಿನ ನಂಬರು ಕಾಲು ಪುಟದಷ್ಟು ದೊಡ್ಡದಾಗಿತ್ತು. ನನ್ನ ಅಂಗಡಿಯದು ತೆಗೆದುಹಾಕಿದ್ದೆ.