ಜರ್ಮನಿಯಲ್ಲಿ ಓದುತ್ತಿರುವಾಗ ಸಹಪಾಠಿಗಳೊಂದಿಗೆ ಪ್ರಾಗ್‌ಗೆ ಎರಡು ದಿನದ ಪ್ರವಾಸ

ಜರ್ಮನಿಯ ಪೂರ್ವ ಭಾಗದಲ್ಲಿ ಓದುತ್ತಿರುವವರಿಗೆ ಶನಿವಾರ ಹೊರಟು ಭಾನುವಾರ ರಾತ್ರಿ ಹಿಂತಿರುಗಬಹುದಾದ ಹೊರದೇಶದ ನಗರವೆಂದರೆ ಮೊದಲು ನೆನಪಾಗುವುದು ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್. ಡ್ರೆಸ್ಡನ್‌ನಿಂದ ನೇರ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಬರ್ಲಿನ್‌ನಿಂದ ನಾಲ್ಕು ಗಂಟೆಗಿಂತ ತುಸು ಹೆಚ್ಚು. ದಾರಿ ಇಷ್ಟು ಹತ್ತಿರವಾಗಿರುವುದರಿಂದಲೇ ಅದು ಇನ್ನೊಂದು ದೇಶವೆಂಬುದನ್ನು ಗುಂಪಿನಲ್ಲಿ ಯಾರಾದರೊಬ್ಬರು ಮರೆಯುತ್ತಾರೆ. ಆದ್ದರಿಂದ ಕಾಗದಪತ್ರಗಳಿಂದಲೇ ಆರಂಭಿಸುವುದು ಒಳ್ಳೆಯದು.

ಸಹಪಾಠಿಗಳ ಗುಂಪಿನಲ್ಲಿ ಎಲ್ಲರ ದಾಖಲೆಗಳೂ ಒಂದೇ ಬಗೆಯವಾಗಿರುವುದಿಲ್ಲ. ಐರೋಪ್ಯ ಒಕ್ಕೂಟದ ಪ್ರಜೆಯಾದ ಗೆಳೆಯನಿಗೆ ತನ್ನ ದೇಶದ ಗುರುತಿನ ಚೀಟಿಯೊಂದೇ ಸಾಕಾಗುತ್ತದೆ. ಅವನು ಸಲೀಸಾಗಿ ಹೊರಟನೆಂದು ನೀವೂ ಹಾಗೆಯೇ ಹೊರಡುವಂತಿಲ್ಲ. ಭಾರತೀಯ ವಿದ್ಯಾರ್ಥಿಯ ಬಳಿ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಜರ್ಮನಿಯ ವಾಸ ಪರವಾನಗಿ ಕಾರ್ಡ್ ಅಥವಾ ಡಿ ವರ್ಗದ (ದೀರ್ಘ ವಾಸದ) ರಾಷ್ಟ್ರೀಯ ವೀಸಾ, ಇವೆರಡರ ಮೂಲಪ್ರತಿಗಳೂ ಇರಬೇಕು. ಇವಿದ್ದರೆ ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳವರೆಗೆ ಇತರ ಷೆಂಗೆನ್ ದೇಶಗಳಲ್ಲಿ, ಅಂದರೆ ತಮ್ಮ ನಡುವಿನ ಗಡಿ ತಪಾಸಣೆಯನ್ನು ಸಾಮಾನ್ಯವಾಗಿ ಕೈಬಿಟ್ಟಿರುವ ಯುರೋಪಿನ ದೇಶಗಳಲ್ಲಿ, ಪ್ರವಾಸ ಮಾಡಬಹುದು, ಮತ್ತು ಚೆಕ್ ಗಣರಾಜ್ಯವು 2007ರ ಡಿಸೆಂಬರ್‌ನಿಂದ ಷೆಂಗೆನ್ ವಲಯದಲ್ಲಿದೆ. ಮೊಬೈಲಿನಲ್ಲಿರುವ ಫೋಟೊ ದಾಖಲೆಯಾಗುವುದಿಲ್ಲ. ಜರ್ಮನಿಯು 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಿಗೂ ತಪಾಸಣೆಯನ್ನು ವಿಸ್ತರಿಸಿದ ಮೇಲೆ, ಹಿಂತಿರುಗುವಾಗ ಪೊಲೀಸರು ರೈಲನ್ನು ಹತ್ತಿ ಪಾಸ್‌ಪೋರ್ಟ್ ಕೇಳುವುದು ಅಪರೂಪವೇನಲ್ಲ. ವಾಸ ಪರವಾನಗಿ ನವೀಕರಣಕ್ಕೆ ಹೋಗಿದ್ದು ಕೈಯಲ್ಲಿ ತಾತ್ಕಾಲಿಕ ಪತ್ರವಷ್ಟೇ ಇರುವವರು, ಅದರ ಮೇಲೆ ಗಡಿ ದಾಟಬಹುದೇ ಎಂದು ವಿದೇಶೀಯರ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಂಡ ನಂತರವೇ ಟಿಕೆಟ್ ಕೊಳ್ಳಬೇಕು. ಗೆಳೆಯರ ಒತ್ತಾಯಕ್ಕೆ ಮಣಿದು ತೆಗೆದುಕೊಳ್ಳಬಹುದಾದ ಅಪಾಯವಲ್ಲ ಇದು.

ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯುಳ್ಳವರು ತಮ್ಮ ಕಾರ್ಡಿನ ಹಿಂಬದಿಯನ್ನೊಮ್ಮೆ ನೋಡಿಕೊಳ್ಳಲಿ. ಅಲ್ಲಿರುವುದೇ ಯುರೋಪಿನ ವಿಮಾ ಕಾರ್ಡ್, ಚೆಕ್ ದೇಶದಲ್ಲಿ ತುರ್ತಾಗಿ ವೈದ್ಯರನ್ನು ಕಾಣಬೇಕಾದರೆ ಅದು ಬೇಕಾಗುತ್ತದೆ. ಖಾಸಗಿ ವಿಮೆಯವರು ತಮ್ಮ ಕಂಪನಿಯ ಷರತ್ತುಗಳನ್ನು ಓದಿಕೊಳ್ಳಬೇಕು. ತುರ್ತು ಸಂಖ್ಯೆ ಅಲ್ಲಿಯೂ 112.

ಟಿಕೆಟ್ ವಿಷಯದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಒಂದೇ ಕಡೆ. ಕೈಯಲ್ಲಿರುವ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯಾದ್ಯಂತ ನಡೆಯುವ ಮಾಸಿಕ ಪಾಸ್) ರೈಲುಗಳ ಪೈಕಿ ಪ್ರಾದೇಶಿಕ ರೈಲುಗಳಿಗೆ ಮಾತ್ರ ಸಲ್ಲುತ್ತದೆ, ಪ್ರಾಗ್‌ಗೆ ಹೋಗುವ ದೂರದ ರೈಲಿಗೆ ಅದು ನಡೆಯದು. ಹಣ ಉಳಿಸಲೆಂದು ಡ್ರೆಸ್ಡನ್‌ವರೆಗೆ ಅದರಲ್ಲಿ ಬಂದು, ಅಲ್ಲಿಂದ ಮುಂದಕ್ಕೆ ನಿರ್ದಿಷ್ಟ ರೈಲಿಗೇ ಕಟ್ಟುಬಿದ್ದಿರುವ ಅಗ್ಗದ ಟಿಕೆಟ್ ಕೊಳ್ಳುವವರು ಬಹಳ. ಈ ಉಪಾಯ ಕೆಟ್ಟದ್ದಲ್ಲ. ಆದರೆ ಇವು ಎರಡು ಪ್ರತ್ಯೇಕ ಟಿಕೆಟ್‌ಗಳಾದ ಕಾರಣ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿಹೋದರೆ ಅದರ ಹೊಣೆಯನ್ನು ರೈಲ್ವೆ ಹೊರಬೇಕಾಗಿಲ್ಲ. ಹೊರಟ ಊರಿನಿಂದ ಪ್ರಾಗ್‌ವರೆಗೆ ಒಂದೇ ಟಿಕೆಟ್ ಇದ್ದಿದ್ದರೆ ಮುಂದಿನ ರೈಲಿನಲ್ಲಿ ಪ್ರಯಾಣ ಮುಂದುವರಿಸಬಹುದಿತ್ತು. ಹಾಗಾಗಿ ನಡುವೆ ಕನಿಷ್ಠ ಒಂದು ಗಂಟೆಯ ಅಂತರವಾದರೂ ಇರಲಿ. ವಾರಾಂತ್ಯದಲ್ಲಿ ಬೋಗಿಗಳು ತುಂಬುವುದರಿಂದ ಆಸನವನ್ನು ಕಾದಿರಿಸುವುದು ಮೇಲು. ಹೋಗುವಾಗ ಎಡಬದಿಯ ಕಿಟಕಿಯೇ ಸಿಕ್ಕರೆ ಪುಣ್ಯ: ಡ್ರೆಸ್ಡನ್ ದಾಟಿದ ಮೇಲೆ ಎಲ್ಬೆ ನದಿಯೂ ಅದರಾಚೆಯ ಮರಳುಗಲ್ಲಿನ ಬಂಡೆಗಳೂ ಆ ಬದಿಯಲ್ಲೇ ಸಾಗುತ್ತವೆ.

ಪ್ರಾಗ್ ಸಮೀಪಿಸುವಾಗ ರೈಲು ಮೊದಲು ಹೊಲೆಶೋವಿಟ್ಸೆ ನಿಲ್ದಾಣದಲ್ಲಿ ನಿಂತು ನಂತರ ಮುಖ್ಯ ನಿಲ್ದಾಣಕ್ಕೆ ಹೋಗುತ್ತದೆ. ಎರಡೂ ಮೆಟ್ರೋದ ಸಿ ಮಾರ್ಗದಲ್ಲಿವೆ, ಆದ್ದರಿಂದ ತಪ್ಪಿ ಇಳಿದರೂ ಕೆಲಸವೇನೂ ಕೆಡದು. ಮೆಟ್ರೋ ಮತ್ತು ಟ್ರ್ಯಾಮ್‌ಗಳಿಗೆ ಕಾಗದದ ಟಿಕೆಟ್ ಕೊಂಡವರು ಪಯಣದ ಆರಂಭದಲ್ಲಿ ಅದನ್ನು ಪುಟ್ಟ ಯಂತ್ರದೊಳಗೆ ತೂರಿಸಿ ಸಮಯದ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್, ಟಿಕೆಟ್ ಇಲ್ಲದಿದ್ದಂತೆಯೇ ಲೆಕ್ಕ. ತಪಾಸಣೆ ಮಾಡುವವರು ಸಾಮಾನ್ಯ ಉಡುಪಿನಲ್ಲಿಯೂ ಇರಬಹುದು.

ಹಣದ ಮಾತು ಗುಂಪಿನೊಳಗೂ ಇದೆ, ಹೊರಗೂ ಇದೆ. ಚೆಕ್ ದೇಶದ ನಾಣ್ಯ ಕೊರೂನಾ, ಯುರೋ ಅಲ್ಲ. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಎಟಿಎಂ ಅಥವಾ ಅಂಗಡಿಯ ಯಂತ್ರವು ಮೊತ್ತವನ್ನು ಯುರೋಗೆ ಪರಿವರ್ತಿಸಿ ಕೊಡಲೇ ಎಂದು ಕೇಳಿದಾಗ ಬೇಡವೆಂದು ಒತ್ತಿ, ಕೊರೂನಾದಲ್ಲಿಯೇ ಪಾವತಿಸಬೇಕು. ಯಂತ್ರ ಕೊಡುವ ದರ ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನ ದರಕ್ಕಿಂತ ಕೆಟ್ಟದಾಗಿರುತ್ತದೆ. ಹಣ ವಿನಿಮಯದ ಅಂಗಡಿಯಲ್ಲಿ ಮೋಸಹೋದೆವೆಂದು ಅನ್ನಿಸಿದರೆ, 2019ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 1000 ಯುರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದುಮಾಡಿಸಬಹುದು, ರಸೀದಿಯನ್ನು ಎಸೆಯದಿರಿ.

ಗುಂಪಿನೊಳಗಿನ ಹಣದ ವಿಷಯ ಇದಕ್ಕಿಂತ ನಾಜೂಕಿನದು. ಒಬ್ಬನಿಗೆ ಮನೆಯಿಂದ ಹಣ ಬರುತ್ತದೆ, ಇನ್ನೊಬ್ಬಳು ವಾರವಿಡೀ ಅರೆಕಾಲಿಕ ಕೆಲಸ ಮಾಡಿ ಬಾಡಿಗೆ ಕಟ್ಟುತ್ತಾಳೆ. ತನ್ನ ಬಳಿ ಹಣ ಕಡಿಮೆಯಿದೆಯೆಂದು ಹೋಟೆಲಿನ ಮೇಜಿನ ಮುಂದೆ ಕುಳಿತು ಹೇಳುವ ಸಂದರ್ಭ ಯಾರಿಗೂ ಬರಬಾರದು. ಆದ್ದರಿಂದ ಹಾಸ್ಟೆಲ್ ಕಾದಿರಿಸುವ ಮೊದಲೇ ತಲಾ ಖರ್ಚಿನ ಮಿತಿಯನ್ನು ಗೊತ್ತುಮಾಡಿ, ಆ ಮಿತಿಯನ್ನು ಕಡಿಮೆ ಖರ್ಚು ಮಾಡಬಲ್ಲವರ ಮಟ್ಟಕ್ಕೆ ಇಡುವುದು ನ್ಯಾಯ. ಸಾಮೂಹಿಕ ಖರ್ಚುಗಳನ್ನು ಆಗಿಂದಾಗ ಒಂದೇ ಆ್ಯಪ್‌ನಲ್ಲಿ ಬರೆಯುತ್ತ ಹೋಗಬೇಕು. ಗುಂಪು ಐವರಿಗಿಂತ ದೊಡ್ಡದಾದರೆ, ನನ್ನ ಅನುಭವದಲ್ಲಿ, ಅರ್ಧ ಸಮಯ ಒಬ್ಬರನ್ನೊಬ್ಬರು ಕಾಯುವುದರಲ್ಲೇ ಹೋಗುತ್ತದೆ.

ನೋಡಬೇಕಾದ ಜಾಗಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಯೆಹೂದಿ ವಸ್ತುಸಂಗ್ರಹಾಲಯಕ್ಕೆ ಶನಿವಾರ ರಜೆಯಾದ್ದರಿಂದ ಅದಕ್ಕೆ ಸೇರಿದ ಹಳೆಯ ಸಿನಗಾಗ್‌ಗಳನ್ನು (ಯೆಹೂದಿಗಳ ಪ್ರಾರ್ಥನಾ ಮಂದಿರಗಳನ್ನು) ನೋಡಬಯಸುವವರು ಅದನ್ನು ಭಾನುವಾರಕ್ಕೇ ಇಟ್ಟುಕೊಳ್ಳಬೇಕು. 1410ರಲ್ಲಿ ತಯಾರಾದ ಖಗೋಳ ಗಡಿಯಾರದಲ್ಲಿ ಬೆಳಗಿನ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೂ ಯೇಸುವಿನ ಶಿಷ್ಯರಾದ ಅಪೊಸ್ತಲರ ಬೊಂಬೆಗಳು ಹಾದುಹೋಗುತ್ತವೆ. ಆ ಒಂದು ನಿಮಿಷದ ಆಟಕ್ಕಾಗಿ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವ ಅಗತ್ಯವಿಲ್ಲ. 1357ರಲ್ಲಿ ಕಟ್ಟಲು ಆರಂಭಿಸಿದ ಚಾರ್ಲ್ಸ್ ಸೇತುವೆಯ ಮೇಲೆ ಹಗಲಿನಲ್ಲಿ ಜನರ ಬೆನ್ನುಗಳಷ್ಟೇ ಕಾಣುತ್ತವೆ; ಭಾನುವಾರ ಸೂರ್ಯೋದಯದ ಹೊತ್ತಿಗೆ ಏಳಬಲ್ಲವರು ಹೋಗಲಿ, ಮಿಕ್ಕವರನ್ನು ಎಬ್ಬಿಸಬೇಡಿ. ಪ್ರಾಗ್ ಕೋಟೆಗೆ 22ನೇ ಸಂಖ್ಯೆಯ ಟ್ರ್ಯಾಮ್ ಹೋಗುತ್ತದೆ. ಅಂಗಳಗಳಲ್ಲಿ ಓಡಾಡಲು ಟಿಕೆಟ್ ಬೇಕಿಲ್ಲ, ಒಳಗಿನ ಮುಖ್ಯ ಕಟ್ಟಡಗಳಿಗೆ ಬೇಕು. ರಿಯಾಯಿತಿ ಉಂಟೇ ಎಂದು ವಿದ್ಯಾರ್ಥಿ ಗುರುತಿನ ಚೀಟಿ ತೋರಿಸಿ ಕೇಳಿ. ಇಷ್ಟರಲ್ಲಿ ಕಾಲು ಸೋತವರಿಗೆ ವಿಶೆಹ್ರಾಡ್ ಗುಡ್ಡವಿದೆ: ಸಿ ಮಾರ್ಗದ ಮೆಟ್ರೋ, ಕಡಿಮೆ ಜನ, ಕೆಳಗೆ ವಲ್ತಾವಾ ನದಿ.

ಶನಿವಾರ ಮಧ್ಯಾಹ್ನದ ಮೂರು ಗಂಟೆಗಳಷ್ಟು ಕಾಲ ಗುಂಪು ಬೇರೆಬೇರೆಯಾಗಿ ತಿರುಗಲಿ. ಮತ್ತೆ ಸೇರುವ ಜಾಗ ಮತ್ತು ಗಂಟೆ ನಿಗದಿಯಾಗಿರಬೇಕು, ಹಾಸ್ಟೆಲ್ ವಿಳಾಸ ಎಲ್ಲರ ಮೊಬೈಲಿನಲ್ಲಿಯೂ ಇರಬೇಕು. ಜರ್ಮನಿಯ ಸಿಮ್ ಇದ್ದವರಿಗೆ 2017ರಿಂದ ಒಕ್ಕೂಟದ ದೇಶಗಳಲ್ಲಿ ರೋಮಿಂಗ್‌ಗೆ ಪ್ರತ್ಯೇಕ ಶುಲ್ಕವಿಲ್ಲದ ಕಾರಣ ಸಂಪರ್ಕಕ್ಕೆ ತೊಂದರೆಯಾಗದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬೀದಿಯಲ್ಲಿ ಗದ್ದಲ ಮಾಡುವಂತಿಲ್ಲ. ಮೆಟ್ರೋ ನಿಂತ ಮೇಲೆ ರಾತ್ರಿ ಟ್ರ್ಯಾಮ್‌ಗಳು ಓಡುತ್ತವೆ, ಅವೆಲ್ಲ ಲಜಾರ್ಸ್ಕಾ ನಿಲ್ದಾಣದಲ್ಲಿ ಸಂಧಿಸುತ್ತವೆ.

ಸೋಮವಾರ ಬೆಳಿಗ್ಗೆ ತರಗತಿ ಅಥವಾ ಪ್ರಯೋಗಾಲಯವಿರುವವರು ಭಾನುವಾರದ ಕೊನೆಯ ರೈಲನ್ನು ನಂಬದೆ ಅದಕ್ಕಿಂತ ಮೊದಲಿನದನ್ನು ಹಿಡಿಯಲಿ. ಜರ್ಮನಿಯಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಪ್ರಾಗ್‌ನಲ್ಲಿ ತೆರೆದಿರುತ್ತವೆ. ಮರುದಿನದ ಬ್ರೆಡ್ಡು ಹಾಲುಗಳನ್ನು ಅಲ್ಲಿಯೇ ಕೊಂಡು, ಖರ್ಚಿನ ಲೆಕ್ಕವನ್ನು ಡ್ರೆಸ್ಡನ್ ಬರುವುದರೊಳಗೆ ರೈಲಿನಲ್ಲಿಯೇ ಚುಕ್ತಾ ಮಾಡಿಕೊಳ್ಳಿ.